ಸ್ವಂತದ್ದೋ, ಸೆಟ್ಟೋ?

ಲಾಡ್ಜಿನ ಮ್ಯಾನೇಜರು ರೂಮಿನ ಕೀ ಕೊಡುತ್ತಾ ಬಾಯಿ ತುಂಬ ನಕ್ಕ. ಗಂಡ ಹೆಂಡತಿ ಇಬ್ಬರೂ ಮರ್ಯಾದಸ್ಥರ ಹಾಗೆ ತಲೆಯಾಡಿಸಿ ಮೆಟ್ಟಿಲು ಹತ್ತಿದರು. ತಿರುವು ದಾಟಿದ್ದೇ ತಡ, ಗಂಡ ಬ್ಯಾಗು ಕೆಳಗಿಟ್ಟು ಪಿಸುಗುಟ್ಟಿದ.

"ಸ್ವಂತದ್ದೋ, ಸೆಟ್ಟೋ?"

"ಮೇಲೆ ಮುಂದಿನವು ಸೆಟ್ಟು. ಉಳಿದದ್ದು ಸ್ವಂತದ್ದು," ಅಂದಳು ಅವಳು. "ಮಾಡಿದವನು ಹಲ್ಲು ಕೂರಿಸಿಲ್ಲ, ಬಚ್ಚಲಿಗೆ ಟೈಲ್ಸ್ ಹಾಕಿದ್ದಾನೆ."

"ಛೆ, ನಾನು ಎಲ್ಲಾ ಸ್ವಂತದ್ದು ಅಂದ್ಕೊಂಡೆ."

"ಅದಕ್ಕೇ ನೀನು ಪ್ಲಾಸ್ಟರು ಕಲಸೋದು, ನಾನು ಹಲ್ಲು ಕೂರಿಸೋದು. ನಡಿ, ಟೀ ನಿಂದು."

ಇದು ಅವರಿಬ್ಬರ ಹಳೆಯ ಆಟ. ಸೋತವರು ಟೀ ಕೊಡಿಸಬೇಕು. ಊರಿನಲ್ಲಿ ಔಷಧಿ ಅಂಗಡಿಯ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಅವರದ್ದೊಂದು ಲ್ಯಾಬು. ಸುತ್ತಲಿನ ಹಲ್ಲಿನ ಕ್ಲಿನಿಕ್ಕುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಪಾರ್ಸೆಲ್ ಮಾಡುತ್ತಿದ್ದವು. ಅಚ್ಚಿಗೆ ಪ್ಲಾಸ್ಟರು ಎರೆಯುವುದು, ಗುಲಾಬಿ ಬಣ್ಣದ ಒಸಡು ಬೇಯಿಸುವುದು, ಕೊನೆಗೆ ಉಜ್ಜಿ ಹೊಳಪು ಕೊಡುವುದು ಅವನ ಕೆಲಸ. ನಡುವಿನದ್ದು, ಮೇಣದ ಮೇಲೆ ಒಂದೊಂದೇ ಹಲ್ಲನ್ನು ಕೂರಿಸಿ ಸಾಲು ಕಟ್ಟುವುದು, ಅವಳದ್ದು. ಅದು ಅವನ ಕೈಗೆ ಹತ್ತಲೇ ಇಲ್ಲ. ಅವನು ಕೂರಿಸಿದರೆ ಯಾರ ಬಾಯಿಯಾದರೂ ಕುದುರೆಯ ಬಾಯಿಯಾಗುತ್ತಿತ್ತು. ಮಾಡಿದ ಸೆಟ್ಟು ಮತ್ತೆ ಪಾರ್ಸೆಲ್ಲಿನಲ್ಲೇ ಹೋಗುತ್ತಿತ್ತು. ಅದು ಯಾರ ಬಾಯಿ ಸೇರಿತು, ಆ ಬಾಯಿ ನಗುತ್ತದೋ ಬೈಯುತ್ತದೋ, ಅವರಿಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಮದುವೆಗೆ ಮೊದಲು ಒಂದೇ ಮೇಜಿನ ಎದುರುಬದುರು ಕೂತು ಕೆಲಸ ಕಲಿತವರು. ಹಾಗಾಗಿ ಅವರ ನಡುವೆ 'ರೀ' ಹುಟ್ಟಲೇ ಇಲ್ಲ. ಅತ್ತೆ ಹಲ್ಲು ಕಡಿದರೂ ಅವಳು ಗಂಡನನ್ನು ಏಕವಚನದಲ್ಲೇ ಕರೆದಳು.

ಬೆಟ್ಟದ ಊರಿಗೆ ಹೋಗಿಬರೋಣ ಅಂದವನು ಅವನೇ. ಅವಳ ಅಪ್ಪ ಸತ್ತು ವರ್ಷವಾಗುತ್ತ ಬಂದಿತ್ತು. "ನಿನ್ನ ಮುಖ ನೋಡಿದ್ರೆ ಪ್ಲಾಸ್ಟರು ಕೂಡ ಗಟ್ಟಿಯಾಗೋಕೆ ಹೆದರುತ್ತೆ ಕಣೇ. ಸ್ವಲ್ಪ ಗಾಳಿ ಕುಡಿದು ಬರೋಣ," ಅಂದಿದ್ದ. ಅವಳು ಬೇಡ ಅನ್ನಲಿಲ್ಲ. ಬೇಡ ಅನ್ನುವುದಕ್ಕೂ ಒಂದಿಷ್ಟು ಉತ್ಸಾಹ ಬೇಕಾಗುತ್ತದೆ.

ರೂಮಿನ ಕಿಟಕಿಯಾಚೆ ತಗಡಿನ ಚಾವಣಿಗಳು ಒಂದರ ಕೆಳಗೊಂದು ಇಳಿಯುತ್ತಾ ಹೋಗಿದ್ದವು. ಕೆಳಗಿನ ಬೀದಿಯಲ್ಲಿ ಸ್ವೆಟರಿನ ಅಂಗಡಿಯವನೊಬ್ಬ ಗಿರಾಕಿಗಳನ್ನು ಕೂಗಿ ಕರೆಯುತ್ತಿದ್ದ. ಟೀ ಲೋಟ ಕೆನ್ನೆಗೆ ಒತ್ತಿಕೊಂಡು ಅವಳು ಆ ಕೂಗು ಕೇಳುತ್ತ ಕೂತಳು.

"ಏನು ಕೂಗ್ತಾನೋ ಇವನು, ಗಂಟಲೇ ಇಲ್ಲ," ಅಂದಳು. "ಅಪ್ಪ ಇರಬೇಕಿತ್ತು."

ಅಪ್ಪ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಟೊಮ್ಯಾಟೋ ಬುಟ್ಟಿಯ ಮೇಲೆ ಹತ್ತಿ ನಿಂತರೆ ಅವನ ದನಿ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು. ಬಾಯೇ ಅವನ ಬಂಡವಾಳ, ಬಾಯೇ ಅವನ ಜಂಬ. ಮೇಲಿನ ಹಲ್ಲೆಲ್ಲ ಹೋದಾಗ ಮನೆಯಿಂದ ಹೊರಗೇ ಬರಲಿಲ್ಲ. ಮಾತಾಡುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಆಗ ಅವಳು ಅವನಿಗೊಂದು ಸೆಟ್ಟು ಮಾಡಿದಳು. ಅಂಥದ್ದನ್ನು ಅವಳು ಹಿಂದೆಯೂ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಅಪ್ಪನ ಮುಂದಿನ ಎರಡು ಹಲ್ಲಿನ ನಡುವೆ ಇದ್ದ ಸಂದು ಅಲ್ಲೇ ಇರಬೇಕು. ಎಡಗಡೆಯ ಹಲ್ಲು ಪಕ್ಕದ್ದರ ಹೆಗಲ ಮೇಲೆ ಕೈ ಹಾಕಿದ ಹಾಗೆ ವಾಲಿರಬೇಕು. ಜೀವಮಾನವಿಡೀ ಸೀಸದಕಡ್ಡಿ ಕಚ್ಚಿ ಹಿಡಿದು ಕೋರೆಹಲ್ಲಿನ ತುದಿ ಸವೆದಿತ್ತು. ಅದನ್ನೂ ಅರದಿಂದ ಉಜ್ಜಿ ಹಾಗೇ ಸವೆಸಿದಳು. ಅಪ್ಪ ಕನ್ನಡಿ ನೋಡಿ ನಕ್ಕ. ಮಾರನೇ ದಿನ ಬುಟ್ಟಿ ಹತ್ತಿದ. ಆಮೇಲೆ ಅವಳ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ನನ್ನ ಬೊಚ್ಚುಬಾಯಲ್ಲಿ ಮಾತ್ರ ಕಳಿಸಬೇಡ ಮಗಳೇ."

"ನಿನ್ನ ಮೇಲೆ ನಂಗೆ ಸಾವಿರ ಕೋಪ ಇದೆ," ಅಂದಳು ಈಗ ಗಂಡನಿಗೆ. "ಆದ್ರೆ ಮಣ್ಣು ಮಾಡೋ ದಿನ ಅಪ್ಪನ ಬಾಯಿಗೆ ಹಲ್ಲು ಹಾಕಿ ಕಳಿಸಿದೆಯಲ್ಲ, ಅದಕ್ಕೆ ಎಲ್ಲಾ ಮಾಫಿ. ನನ್ನ ಕೈಲಿ ಆಗ್ತಿರಲಿಲ್ಲ."

ಗಂಡ ಹೂಂ ಅಂದ. ಬಿಸಿನೀರು ಬರುತ್ತಾ ನೋಡ್ತೀನಿ ಅಂತ ಬಚ್ಚಲಿಗೆ ಹೋದವನು ಬಹಳ ಹೊತ್ತು ನಲ್ಲಿ ತಿರುಗಿಸುತ್ತಲೇ ಇದ್ದ.

ಬೆಳಿಗ್ಗೆ ಬಾಡಿಗೆ ಜೀಪಿನಲ್ಲಿ ಮೇಲಿನ ಹಳ್ಳಿಗಳಿಗೆ ಹೊರಟರು. ಡ್ರೈವರು ತಿರುವುಗಳನ್ನೆಲ್ಲ ಒಂದೇ ಕೈಯಲ್ಲಿ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಹಳ್ಳ, ಕೊಳ್ಳ, ಯಾರ್ಯಾರು ಎಲ್ಲೆಲ್ಲಿ ಉರುಳಿದರು ಅಂತ ತೋರಿಸುತ್ತಿದ್ದ. ಮೊದಲ ಹಳ್ಳಿಯಲ್ಲಿ ಉಣ್ಣೆ ನೇಯುವವರ ಮನೆ ನೋಡಿದರು. ಗಂಡ ಒಂದು ಟೋಪಿ ಹಾಕಿ ನೋಡಿದ. ಅವಳು "ಎಲೆಕೋಸಿನ ಥರ ಕಾಣ್ತೀಯ" ಅಂದು ನಕ್ಕಳು. ನಕ್ಕಿದ್ದು ಅವಳಿಗೇ ಆಶ್ಚರ್ಯವಾಯಿತು. ಗಂಡ ಆ ಟೋಪಿಯನ್ನು ಕೊಂಡೇಬಿಟ್ಟ.

ಎರಡನೇ ಹಳ್ಳಿಯಲ್ಲಿ ರಸ್ತೆ ಮುಗಿಯುತ್ತಿತ್ತು. ಡ್ರೈವರು ಟೈರಿಗೆ ಕಲ್ಲು ಕೊಟ್ಟು ಬೀಡಿ ಹಚ್ಚಿದ. ತಗಡಿನ ಮಾಡಿನ ಕೆಳಗೆ ಮುದುಕಿಯೊಬ್ಬಳು ಸೇಬಿನ ರಾಶಿ ಇಟ್ಟುಕೊಂಡು ಕೂತಿದ್ದಳು. ಚಾಕುವಿನಿಂದ ಒಂದು ಹೋಳು ಕೊಯ್ದು ಇವಳತ್ತ ಚಾಚಿದಳು.

"ತಿಂದು ನೋಡಮ್ಮ. ಹುಳಿ ಇದ್ರೆ ನನ್ನ ಮುಖಕ್ಕೆ ಎಸಿ."

ತಾನೂ ಒಂದು ಹೋಳು ಬಾಯಿಗಿಟ್ಟುಕೊಂಡಳು. ಮುಂದಿನ ಹಲ್ಲಿಂದ ಕಚ್ಚಲಿಲ್ಲ, ಪಕ್ಕಕ್ಕೆ ತಳ್ಳಿ ದವಡೆಯಿಂದ ಅಗಿದಳು. ಅಷ್ಟು ಸಾಕಿತ್ತು. ಹೆಂಡತಿ ಗಂಡನ ಕಡೆ ವಾಲಿ ಪಿಸುಗುಟ್ಟಿದಳು.

"ಸ್ವಂತದ್ದೋ, ಸೆಟ್ಟೋ?"

ಗಂಡ ಮುದುಕಿಯನ್ನೇ ನೋಡುತ್ತಿದ್ದ. ಎಲೆಕೋಸಿನ ಟೋಪಿಯ ಕೆಳಗೆ ಅವನ ಮುಖ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತ್ತು.

"ಹೊರಡೋಣ ಬಾ," ಅಂದ. "ಮಳೆ ಬರೋ ಹಾಗಿದೆ."

ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಅವಳು ಮತ್ತೆ ತಿರುಗಿದಳು. ಅಷ್ಟರಲ್ಲಿ ಡ್ರೈವರು ಏನೋ ಪೋಲಿ ಮಾತಾಡಿದ, ಮುದುಕಿ ತಲೆ ಹಿಂದಕ್ಕೆ ಹಾಕಿ ಗಹಗಹಿಸಿ ನಕ್ಕಳು.

ಆ ಮುಖದಲ್ಲಿ ಅಪ್ಪ ನಕ್ಕ.

ಅವಳ ಬಾಯಲ್ಲಿದ್ದ ಸೇಬು ಅಲ್ಲೇ ನಿಂತಿತು. ಮೊದಲು ಹೊಳೆದದ್ದು, ಅಪ್ಪನಿಗೆ ಸೇಬು ಸೇರುತ್ತಿರಲಿಲ್ಲವಲ್ಲ ಅನ್ನುವ ದಡ್ಡ ಯೋಚನೆ. ಸಂದು ಅಲ್ಲಿತ್ತು. ಹೆಗಲ ಮೇಲೆ ಕೈ ಹಾಕಿದ ಎಡಗಡೆ ಹಲ್ಲು ಅಲ್ಲಿತ್ತು. ತಾನೇ ಅರದಿಂದ ಸವೆಸಿದ ಕೋರೆಹಲ್ಲಿನ ತುದಿ ಬಿಸಿಲಿಗೆ ಹೊಳೆಯಿತು. ಸುತ್ತಲಿನದೆಲ್ಲ ಸುಕ್ಕು, ಬೇರೆಯವಳ ಸುಕ್ಕು. ಕಾಲ ಕೆಳಗಿನ ನೆಲ ಜೀಪಿನ ಹಾಗೆ ಒಂದು ತಿರುವು ತಿರುಗಿ ನಿಂತ ಹಾಗಾಯಿತು.

"ಅಜ್ಜಿ," ಅಂದಳು. ದನಿ ಬೇರೆ ಯಾರದ್ದೋ ಇತ್ತು. "ಆ ಹಲ್ಲು ಎಲ್ಲಿ ಮಾಡಿಸಿದ್ದು?"

"ಅಯ್ಯೋ, ಕಂಡುಹಿಡಿದುಬಿಟ್ಟೆಯಾ!" ಮುದುಕಿ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದಳು. "ಮೆಲ್ಲಗೆ ಮಾತಾಡು ತಾಯಿ. ಸ್ವಂತದ್ದೇ ಅಂತ ನಮ್ಮೂರೋರು ನಂಬಿದ್ದಾರೆ. ಸ್ವಲ್ಪ ಸೊಟ್ಟ ಇದೆ ನೋಡು, ಅದಕ್ಕೇ. ಹೋದ ಚಳಿಗಾಲದಲ್ಲಿ ಬೆಟ್ಟದ ಬುಡದ ಡಾಕ್ಟ್ರು ಮಾಡಿಸಿಕೊಟ್ಟಿದ್ದು. ಎಲ್ಲಾ ಸರಿ, ಎಡಗಡೆ ಒಸಡಿಗೆ ಮಾತ್ರ ಕಚ್ಚುತ್ತೆ."

"ತೆಗೆದುಕೊಡಿ, ನೋಡ್ತೀನಿ. ನಾನು ಅದೇ ಕೆಲಸದವಳು."

"ಬೇಡ ಕಣೇ," ಅಂದ ಗಂಡ.

ಮುದುಕಿ ಗೋಡೆಯ ಕಡೆ ತಿರುಗಿ ಬಾಯಿಗೆ ಸೆರಗು ಮರೆಮಾಡಿದಳು. ಪಚಕ್ ಅಂತ ಸದ್ದಾಯಿತು. ಒದ್ದೆಯ, ಬೆಚ್ಚಗಿನ ವಸ್ತುವೊಂದು ಇವಳ ಅಂಗೈಗೆ ಬಂತು. ಅವಳು ಅದನ್ನು ಮಗುಚಿದಳು. ಹಲ್ಲಿನ ಬುಡದಲ್ಲಿ ಒಂದು ಥರದ ಗುಲಾಬಿ ಬಣ್ಣ, ಅಂಗುಳದಲ್ಲಿ ಇನ್ನೊಂದು ಥರದ್ದು. ಎರಡೂ ಸೇರುವ ಕಡೆ ಕೂದಲೆಳೆಯಂಥ ಗೆರೆ. ಹಿಂದಿನ ಅಂಚು ಬೇಕಾದ್ದಕ್ಕಿಂತ ದಪ್ಪ. ಆ ದಪ್ಪ ಅಂಚಿಗಾಗಿ ಅವಳು ಗಂಡನಿಗೆ ಎಷ್ಟು ಸಲ ಬೈದಿದ್ದಳೋ ಲೆಕ್ಕವಿಲ್ಲ.

ಗಂಡನ ತೋಳು ಹಿಡಿದು ಜೀಪಿನ ಮರೆಗೆ ಎಳೆದುಕೊಂಡು ಹೋದಳು.

"ಇದು ನಿನ್ನ ಕೆಲಸ."

ಅವನು ಟೋಪಿ ತೆಗೆದ.

"ಆ ಡಾಕ್ಟ್ರು ದಿನಾ ಫೋನ್ ಮಾಡ್ತಿದ್ರು. ಬೇರೆ ಲ್ಯಾಬಿಗೆ ಕೊಡ್ತೀನಿ ಅಂದ್ರು. ನೀನು ಆಸ್ಪತ್ರೆ ಬಿಟ್ಟು ಅಲ್ಲಾಡ್ತಿರಲಿಲ್ಲ. ನಾನು ಕೂರಿಸಿದ್ದು ನಂಗೇ ನೋಡೋಕಾಗಲಿಲ್ಲ ಕಣೇ, ಕಿತ್ತುಹಾಕಿದೆ. ಬಂದು ನಿನ್ನ ಕೇಳಿದೆ. ನೀನು 'ಏನಾದ್ರೂ ಮಾಡ್ಕೊಂಡು ಸಾಯಿ' ಅಂದೆ."

"ಅದಕ್ಕೆ?"

"ಮಾವನ ಹಲ್ಲು ಡಬ್ಬಿಯಲ್ಲಿತ್ತು. ನರ್ಸು ನನ್ನ ಕೈಗೇ ಕೊಟ್ಟಿದ್ರಲ್ಲ. ಹಳೇ ಒಸಡಿನ ಪ್ಲೇಟು ಕತ್ತರಿಸಿ, ಸಾಲನ್ನ ಹಾಗೇ ಎತ್ತಿ, ಈ ಅಚ್ಚಿನ ಮೇಲೆ ಕೂರಿಸಿ ಬೇಯಿಸಿದೆ. ಸರಿಯಾಗಿ ಕೂತ್ಕೊಂಡ್ತು."

ಅವಳು ಆ ಮಾತನ್ನು ಒಂದೊಂದೇ ಹಲ್ಲಿನ ಹಾಗೆ ಜೋಡಿಸಿದಳು. ಒಂದು ಕಡೆ ಸಾಲು ತಪ್ಪಿತು.

"ನೀನು ನನ್ನ ಕೇಳಿದಾಗ ಅಪ್ಪ ಬದುಕಿದ್ದ."

ಗಂಡ ಟೋಪಿಯ ಉಣ್ಣೆಯ ಎಳೆ ಕೀಳತೊಡಗಿದ.

"ಬದುಕಿದ್ದನಲ್ಲೋ! ಉಸಿರಾಡ್ತಿದ್ದ!"

"ಎಚ್ಚರ ಆಗಲ್ಲ ಅಂದಿದ್ರು. ಆದ್ರೆ ನೀನು ಇನ್ನೊಂದು ಮಾಡ್ಕೊಡ್ತೀಯ ಅಂದ್ಕೊಂಡೆ. ನಿನ್ನ ಕೈ ಗೊತ್ತಿತ್ತಲ್ಲ ನಂಗೆ."

ಎಚ್ಚರವಾಗಿತ್ತು. ಒಂದು ಮಧ್ಯಾಹ್ನ ಅಪ್ಪ ಕಣ್ಣು ಬಿಟ್ಟು, ಎರಡು ಬೆರಳಿನಿಂದ ತನ್ನ ತುಟಿ ತಟ್ಟಿ ತಟ್ಟಿ ತೋರಿಸಿದ್ದ. ಅವಳು ನೀರು ಅಂದುಕೊಂಡು ಚಮಚ ಹಿಡಿದಿದ್ದಳು. ಅಪ್ಪ ಮುಖ ತಿರುಗಿಸಿದ್ದ.

"ಮಣ್ಣು ಮಾಡುವಾಗ ನಾನು ಅಪ್ಪನ ಮುಖ ನೋಡಿದೀನಿ," ಅಂದಳು. "ಕೆನ್ನೆ ತುಂಬಿತ್ತು. ತುಟಿ ಉಬ್ಬಿತ್ತು. ಹಲ್ಲಿತ್ತು ಒಳಗೆ."

"ಹತ್ತಿ," ಅಂದ ಗಂಡ.

"ಏನು?"

"ಹತ್ತಿ ತುಂಬಿದ್ದೆ. ನೀನು ಹಾಕು ಅಂದಾಗ ಹಾಕೋಕೆ ಏನಿತ್ತು ನನ್ನ ಹತ್ರ?"

ಅವಳು ಕೈ ಎತ್ತಿದಳು. ಹೊಡೆಯುವುದಕ್ಕೇ ಎತ್ತಿದ್ದು. ಆದರೆ ಆ ಮುಷ್ಟಿಯೊಳಗೆ ಅಪ್ಪನ ಹಲ್ಲಿತ್ತು. ಕೈ ಹಾಗೇ ಗಾಳಿಯಲ್ಲಿ ನಿಂತಿತು. ವರ್ಷವಿಡೀ ಅವಳನ್ನು ಹಿಡಿದು ನಿಲ್ಲಿಸಿದ್ದು ಆ ತುಂಬಿದ ಕೆನ್ನೆ. ನಿದ್ದೆ ಬಾರದಾಗ ಅದನ್ನೇ ನೆನೆದು ಮಲಗಿದ್ದಳು. ಹತ್ತಿ! ಗಾಯ ಒರೆಸುವ ಹತ್ತಿ, ಡ್ರಾಯರಿನಲ್ಲಿ ಮೇಣದ ಪಕ್ಕ ಬಿದ್ದಿರುತ್ತಿದ್ದ ಹತ್ತಿ.

"ಅಮ್ಮಾ," ಅಂತ ಮಾಡಿನ ಕೆಳಗಿನಿಂದ ಮುದುಕಿ ಕೂಗಿದಳು. ಹಲ್ಲಿಲ್ಲದ ಮಾತು ಗಾಳಿಯಾಗಿ ಬಂತು. "ನನ್ನ ಹಲ್ಲು ಕೊಡಮ್ಮ."

ಅವಳು ಹೋಗಿ ಮುದುಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮುಷ್ಟಿ ಬಿಚ್ಚಲಿಲ್ಲ.

"ಅಜ್ಜಿ, ಇದನ್ನ ನಾನು ಇಟ್ಕೋತೀನಿ. ನಿಮಗೆ ಹೊಸದು ಮಾಡಿ ಕಳಿಸ್ತೀನಿ. ಇದಕ್ಕಿಂತ ಚೆನ್ನಾಗಿರೋದು. ನನ್ನ ಕೈಯಾರೆ."

"ಹೊಸದು ಯಾಕೆ? ನನ್ನ ನಾಲಿಗೆ ಇದಕ್ಕೆ ಒಗ್ಗಿದೆ. ನಂಗೆ ನಂದೇ ಸಾಕು."

"ಇದು ನಿಮ್ಮದಲ್ಲ ಅಜ್ಜಿ."

"ಮತ್ಯಾರ್ದು? ನನ್ನ ಬಾಯಿಂದ ತಾನೇ ತೆಗೆದುಕೊಟ್ಟಿದ್ದು?"

ಬಾವಿಯ ಕಡೆಯಿಂದ ಕೊಡ ಹೊತ್ತ ಹೆಂಗಸರು ಬರುತ್ತಿದ್ದರು. "ಏನಜ್ಜಿ, ವ್ಯಾಪಾರ ಜೋರಾ?" ಅಂತ ಒಬ್ಬಳು ಕೇಳಿದಳು. ಮುದುಕಿಯ ಮೇಲ್ತುಟಿ ಒಳಗೆ ಕುಸಿದಿತ್ತು, ಮೂಗು ಗಲ್ಲದ ಹತ್ತಿರ ಬಂದಿತ್ತು. ಬಾಯಿಗೆ ಅಂಗೈ ಅಡ್ಡ ಹಿಡಿದು, ಹೆಂಗಸರಿಗೆ ಬೆನ್ನು ಮಾಡಿ, ಕಣ್ಣಿನಲ್ಲೇ ಇವಳನ್ನು ಕೇಳುತ್ತಿದ್ದಳು.

ಆ ಅಂಗೈ ಇವಳಿಗೆ ಗೊತ್ತಿದ್ದದ್ದು. ಬೇರೆ ಮನೆಯಲ್ಲಿ, ಬೇರೆ ಬಾಯಿಯ ಮುಂದೆ ಅದನ್ನು ಎಷ್ಟೋ ತಿಂಗಳು ನೋಡಿದ್ದಳು.

ಹೆಂಗಸರು ದಾಟಿಹೋಗುವವರೆಗೂ ಅವಳು ಅಲುಗಾಡದೆ ಕೂತಳು. ಆಮೇಲೆ ಹಿಂದೆ ತಿರುಗಿ ನೋಡದೆ ಗಂಡನತ್ತ ಕೈ ಚಾಚಿದಳು.

"ಅರ ಕೊಡು."

ಕೆಲಸದ ಚಿಕ್ಕ ಅರ ಯಾವಾಗಲೂ ಅವನ ಜೇಬಿನಲ್ಲಿರುತ್ತಿತ್ತು, ಉಗುರು ಉಜ್ಜಿಕೊಳ್ಳುವುದಕ್ಕೆ. ಕೊಟ್ಟ. ಎಡಗಡೆಯ ಅಂಚನ್ನು ಅವಳು ಸ್ವಲ್ಪ ಸ್ವಲ್ಪವೇ ಉಜ್ಜಿದಳು. ಗುಲಾಬಿ ಪುಡಿ ಸೇಬಿನ ಮೇಲೆ ಉದುರಿತು. ಹಿಂದಿನ ದಪ್ಪ ಅಂಚನ್ನೂ ಬಿಡಲಿಲ್ಲ. ಹಲ್ಲುಗಳಿಗೆ ಮಾತ್ರ ಅರ ಸೋಕದ ಹಾಗೆ ಹೆಬ್ಬೆರಳಿಂದ ಮುಚ್ಚಿ ಹಿಡಿದಿದ್ದಳು. ಬಾಟಲಿ ನೀರಿನಲ್ಲಿ ತೊಳೆದು, ತನ್ನ ದುಪಟ್ಟಾದಲ್ಲಿ ಒರೆಸಿ, ಒಮ್ಮೆ ನೋಡಿ, ಮುದುಕಿಯ ಕೈಗಿಟ್ಟಳು.

ಮುದುಕಿ ಹಲ್ಲು ಹಾಕಿಕೊಂಡು ದವಡೆ ಆಡಿಸಿದಳು. ಆಡಿಸಿ, ನಕ್ಕಳು.

"ಅರೆ, ಕಚ್ಚೋದೇ ಇಲ್ಲ! ನಿನ್ನ ಕೈಗೆ ಚಿನ್ನದ ಬಳೆ ಹಾಕಬೇಕು ಮಗಳೇ!"

ಸಂದು, ವಾಲಿದ ಹಲ್ಲು, ಸವೆದ ತುದಿ ಎಲ್ಲವೂ ಅವಳನ್ನು ನೋಡಿ ಮಗಳೇ ಅಂದವು. ಅವಳು ಎದ್ದು ರಸ್ತೆ ಬದಿಗೆ ಹೋಗಿ, ತಿಂದಿದ್ದ ಸೇಬನ್ನೆಲ್ಲ ವಾಂತಿ ಮಾಡಿದಳು.

ಬರುವಾಗ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದರು. ಈಗ ಅವಳು ಮುಂದೆ, ಡ್ರೈವರಿನ ಪಕ್ಕ ಹತ್ತಿದಳು. ಗಂಡ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತ.

"ಏನಾದ್ರೂ ಅನ್ನು ಕಣೇ," ಅಂದ ಒಂದು ತಿರುವಿನಲ್ಲಿ. "ಬೈಯಾದ್ರೂ ಬೈ."

"ಅಪ್ಪ ಅಲ್ಲಿ ಬೊಚ್ಚುಬಾಯಲ್ಲಿ ಮಲಗಿದ್ದಾನೆ," ಅಂದಳು ರಸ್ತೆ ನೋಡುತ್ತಲೇ. "ನೀನೂ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ಕೂತ್ಕೋ."

ಡ್ರೈವರು ಇಬ್ಬರನ್ನೂ ಓರೆಗಣ್ಣಿನಲ್ಲಿ ನೋಡಿದ. ಬೆಳಿಗ್ಗೆ ನಕ್ಕೊಂಡು ಬಂದವರು ಇವರೇನಾ ಅಂತ ಅನುಮಾನ ಬಂದಿರಬೇಕು. ಇಳಿಜಾರಿನಲ್ಲಿ ಗೇರು ಬದಲಿಸಿ, ದನಿ ತಗ್ಗಿಸಿ ಕೇಳಿದ.

"ಹಿಂದೆ ಕೂತಿರೋರು ನಿಮ್ಮೋರೇ ಅಲ್ವಾ ಅಕ್ಕಾ?"

ಕನ್ನಡಿಯಲ್ಲಿ ಗಂಡ ಕಾಣುತ್ತಿದ್ದ. ಅಂಗೈ ಬಾಯಿಗೆ ಅಡ್ಡ ಹಿಡಿದುಕೊಂಡಿದ್ದ.

"ನೋಡ್ಬೇಕು," ಅಂದಳು ಅವಳು.