ಜೋಡಿಗೆ ಕೂರದ ತುಂಡು

"ಕಳೆದುಹೋಗಿರೋದು ಏನೂ ಇಲ್ಲ," ಎಂದು ಡಾಕ್ಟರ್ ತನ್ಮಯಿ ಪರದೆಯನ್ನು ಗಂಡ ಹೆಂಡತಿ ಇಬ್ಬರ ಕಡೆ ತಿರುಗಿಸಿದರು. "ಜಾಗ ಬದಲಾಗಿದೆ, ಅಷ್ಟೇ."

ಪಟ್ಟೆಪಟ್ಟೆ ಹುಳುಗಳಂಥವು ಪರದೆಯ ಮೇಲೆ ಜೋಡಿಜೋಡಿಯಾಗಿ ನಿಂತಿದ್ದವು. ಎರಡು ಜೋಡಿಗಳಲ್ಲಿ ಮಾತ್ರ ಒಂದು ಉದ್ದ, ಒಂದು ಗಿಡ್ಡ. ಬಿಂದುಶ್ರೀ ತಲೆ ತಗ್ಗಿಸಿದಳು. ಮೂರು ಬಸಿರು ನಿಲ್ಲದೆ ಹೋದ ಮೇಲೆ ತಪ್ಪೆಲ್ಲ ತನ್ನದೇ ಎಂದು ಒಪ್ಪಿಕೊಳ್ಳುವುದು ಅವಳಿಗೆ ರೂಢಿಯಾಗಿತ್ತು.

"ಇದು ಮನೋಜ್ ಅವರದು. ನಿಮ್ಮದರಲ್ಲಿ ಏನೂ ತೊಂದರೆ ಇಲ್ಲ."

"ನಂದಾ?" ಮನೋಜ್ ನಕ್ಕ. "ಮೇಡಂ, ನಾನು ದಿನಾ ಜಿಮ್‌ಗೆ ಹೋಗ್ತೀನಿ."

"ಹೋಗಿ, ಒಳ್ಳೇದೇ. ನಿಮ್ದು ಬಾಡಿಗೆ ಮನೆಗಳಿವೆ ಅಂದ್ರಲ್ಲ? ಜನ ವಾಸ ಇರುವಾಗ ಸಾಮಾನು ಮನೆ ತುಂಬ ಹರಡಿರುತ್ತೆ. ಖಾಲಿ ಮಾಡೋ ದಿನ ಡಬ್ಬಕ್ಕೆ ತುಂಬಿ ಕಟ್ತಾರೆ. ಜೀವಕೋಶಾನೂ ಹಾಗೇ. ಎರಡಾಗೋ ಮುಂಚೆ ದಾರದಂಥ ಡಿಎನ್‌ಎನ ಸುತ್ತಿ ಸುತ್ತಿ ಗಂಟು ಕಟ್ಟುತ್ತೆ, ಇಲ್ಲಿ ಕಾಣ್ತಿರೋ ಕ್ರೋಮೋಸೋಮ್‌ಗಳು ಅವೇ. ಆ ಹೊತ್ತಲ್ಲೇ ಅದನ್ನ ತಡೆದು ನಿಲ್ಲಿಸಿ ಫೋಟೋ ತೆಗೀತೀವಿ, ಬೇರೆ ಹೊತ್ತಲ್ಲಿ ಹೀಗೆ ಕಾಣಲ್ಲ. ನಿಮ್ಮಲ್ಲಿ ಎರಡು ಡಬ್ಬದ ಸಾಮಾನು ಅದಲುಬದಲಾಗಿದೆ. ಎಲ್ಲಾ ಡಬ್ಬಾನೂ ನಿಮ್ಮ ಹತ್ರಾನೇ ಇದೆ, ನಿಮಗೆ ತೊಂದ್ರೆ ಇಲ್ಲ. ಮಗುಗೆ ಹೋಗೋದು ಅರ್ಧ. ಆಗ ಕೆಲವು ಸಾಮಾನು ಜಾಸ್ತಿ ಹೋಗ್ಬಹುದು, ಕೆಲವು ಹೋಗದೇ ಇರ್ಬಹುದು."

ಪ್ರತಿ ಸಲವೂ ಹಾಗೇ ಆಗಬೇಕೆಂದಿಲ್ಲ, ದಾರಿಗಳಿವೆ ಎಂದೂ ಅವರು ಹೇಳಿದರು. ಕೊನೆಗೆ ಕೇಳಿದರು: "ಇದು ನಿಮ್ಮ ತಂದೆ ಇಲ್ಲಾ ತಾಯಿ ಕಡೆಯಿಂದ ಬಂದಿರ್ಬಹುದು. ಒಡಹುಟ್ಟಿದವರು ಇದ್ದಾರಾ?"

"ಇವರ ತಂಗಿ ದಿವ್ಯ ಇದ್ದಾಳೆ," ಎಂದಳು ಬಿಂದುಶ್ರೀ. "ಅವಳಿಗೀಗ ಐದು ತಿಂಗಳು."

"ಹಾಗಿದ್ರೆ ಈ ವಾರವೇ ಅವರನ್ನ ಕಳಿಸಿ. ತಡ ಮಾಡ್ಬೇಡಿ."

ಸಾರಕ್ಕಿ ಸಿಗ್ನಲ್ಲಿನಲ್ಲಿ ಬೈಕ್ ನಿಂತಾಗ ಮನೋಜ್ ಹಿಂದಕ್ಕೆ ತಿರುಗದೆಯೇ ಹೇಳಿದ: "ಅಮ್ಮಂಗೆ ಏನೂ ಹೇಳ್ಬೇಡ. ಭಾನುವಾರ ದಿವ್ಯಂಗೆ ಸೀಮಂತದ ಹೂ ಮುಡಿಸೋದು ಮುಗೀಲಿ."

"ಆಮೇಲೆ ನೀವೇ ಹೇಳ್ತೀರಾ?"

ಅವನು ಹಾರ್ನ್ ಒತ್ತಿದ. ಮುಂದಿದ್ದ ಆಟೋ ಅಲುಗಲಿಲ್ಲ.

ಮನೆಯಲ್ಲಿ ಗೌರಮ್ಮ ಮಗಳ ಕುಬುಸದ ಬಟ್ಟೆಗಳನ್ನು ಮಡಿಸಿಡುತ್ತಿದ್ದಳು. ಮಗನ ಮುಖವನ್ನಷ್ಟೇ ನೋಡಿ ಕೇಳಿದಳು: "ಏನಂದ್ರು?"

"ನಂದೆಲ್ಲ ಸರಿಯಾಗಿದೆಯಂತೆ ಕಣಮ್ಮ," ಎಂದು ಅವನು ಬಚ್ಚಲಿಗೆ ಹೋದ.

"ನಾನ್ ಹೇಳ್ಲಿಲ್ವಾ? ನಮ್ ವಂಶದಲ್ಲಿ ಅಂಥದ್ದಿಲ್ಲ. ಬಿಂದು, ಭಾನುವಾರ ನೀನು ಸಿದ್ದಾಪುರಕ್ಕೆ ನಿಮ್ಮಮ್ಮನ ಮನೆಗೆ ಹೋಗಿರು. ಬಸುರಿ ಹೆಂಗಸಿನ ಮುಂದೆ ನೀನು ಕೂತ್ರೆ ಬಂದೋರು ಒಂದಕ್ಕೆರಡು ಆಡ್ಕೋತಾರೆ."

ಬಿಂದುಶ್ರೀ ಚಪ್ಪಲಿ ಬಿಡದೆ ಅಲ್ಲೇ ನಿಂತಳು. ನಂತರ ಒಂದೊಂದಾಗಿ ಎಲ್ಲ ಹೇಳಿದಳು: ಪರದೆ, ಉದ್ದ ಗಿಡ್ಡ, ಅದಲುಬದಲಾದ ಡಬ್ಬಗಳು, ದಿವ್ಯಳ ಪರೀಕ್ಷೆ. ಗೌರಮ್ಮನ ಕೈ ಮಡಿಕೆಯ ಮೇಲೆಯೇ ನಿಂತಿತು.

"ನಂಗೂ ಬಸಿರು ನಿಲ್ದೆ ಹೋಗಿದ್ವು," ಎಂದಳು ಅವಳು. "ಮನೋಜ ಹುಟ್ಟೋಕೆ ಮುಂಚೆ. ನಮ್ಮತ್ತೆ ನನ್ನನ್ನ ಯಾರ ಮನೆ ಸೋಬಾನಕ್ಕೂ ಕಳಿಸ್ತಿರ್ಲಿಲ್ಲ."

ಬಿಂದುಶ್ರೀ ಒಂದು ಹೆಜ್ಜೆ ಹತ್ತಿರ ಬಂದಳು. "ಅತ್ತೆ, ಹಂಗಾದ್ರೆ ದಿವ್ಯಂಗೆ..."

"ಬಾಯಿ ಮುಚ್ಚು." ದನಿ ಏರಲಿಲ್ಲ. "ಅವಳ ಗಂಡನ ಮನೆಯೋರು ಕತ್ರಿಗುಪ್ಪೆ ತುಂಬ ಸಾರ್ಕೊಂಡು ಬರ್ತಾರೆ, ಕೆಟ್ಟ ರಕ್ತದ ಹೆಣ್ಣು ತಂದ್ವಿ ಅಂತ. ನಿಂದು ಹೆಂಗಿದ್ರೂ ಊರಿಗೆಲ್ಲ ಗೊತ್ತಾಗೋಗಿದೆ. ನಿನ್ ಮೇಲೇ ಇರ್ಲಿ ಬಿಡು. ಹೊಸದಾಗಿ ಏನ್ ಹೋಗುತ್ತೆ ನಿಂಗೆ?"

ಅವಳು ಮತ್ತೆ ಮಡಿಸತೊಡಗಿದಳು.

ಊಟಕ್ಕೆ ಕೂತಾಗ ದಿವ್ಯಳ ವಿಡಿಯೋ ಕಾಲ್ ಬಂತು, ಬಿಂದುಶ್ರೀಯ ಫೋನಿಗೆ. ಹೆಗಲ ಮೇಲೆ ಎರಡು ಸೀರೆ ಹಾಕಿಕೊಂಡಿದ್ದಳು.

"ಅತ್ತಿಗೆ, ಹಸಿರಾ, ಮಾವಿನಹಣ್ಣಿನ ಬಣ್ಣಾನಾ? ನಮ್ಮತ್ತೆಗೆ ಎರಡೂ ಇಷ್ಟ ಇಲ್ಲ, ಅದಕ್ಕೇ ನಿಮ್ಮನ್ನ ಕೇಳ್ತಿರೋದು."

"ಹಸಿರು."

"ನೀವು ಬೆಳಿಗ್ಗೆನೇ ಬಂದ್ಬಿಡಿ, ಜಡೆ ನೀವೇ ಹಾಕ್ಬೇಕು. ಹಾಂ, ಇವತ್ತು ಡಾಕ್ಟರ್ ಹತ್ರ ಹೋಗಿದ್ರಲ್ಲ, ಏನಂದ್ರು?"

ಗೌರಮ್ಮ ಸಾರಿನ ಸೌಟು ಹಿಡಿದು ಸೊಸೆಯನ್ನೇ ನೋಡಿದಳು. ಮನೋಜ್ ತಟ್ಟೆ ನೋಡಿಕೊಂಡು ಅನ್ನ ಕಲೆಸುತ್ತಿದ್ದ. ಬಿಂದುಶ್ರೀಗೆ ನಾಲಿಗೆಯ ತುದಿಯಲ್ಲಿ ಎರಡು ಉತ್ತರಗಳಿದ್ದವು. ಎರಡೂ ಅವಳು ಹೇಳಬೇಕಾದವಲ್ಲ.

"ನಿಮ್ಮಣ್ಣನ್ನೇ ಕೇಳು," ಎಂದಳು. ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಮನೋಜನ ಎದುರಿಗೆ ತಿರುಗಿಸಿದಳು. ಎದ್ದು ಕೈ ತೊಳೆಯಲು ಹೋದಳು.

"ಏನಣ್ಣ?"

ಅವನ ಬಾಯಲ್ಲಿ ತುತ್ತಿತ್ತು. ದಿವ್ಯ ಹೆಗಲ ಸೀರೆಗಳನ್ನು ಪಕ್ಕಕ್ಕಿಟ್ಟು ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ಕೂತಳು. ಅವನು ಅಗಿಯುವುದು ಮುಗಿಯಲೆಂದು ಕಾಯುತ್ತಿದ್ದಳು.