ಸುಣ್ಣ ಕುಡಿದ ಹೀದರ್

ಆ ಮೂರು ಕುಂಡಗಳನ್ನು ಯಾರೂ ಮುಟ್ಟಬೇಡಿ ಎಂದು ಈ ಮನೆಯಲ್ಲಿ ಎಷ್ಟು ಬಾಯಿ ಬಡಿದುಕೊಂಡೆನೋ ನನಗೇ ಗೊತ್ತಿಲ್ಲ. ಕಿವಿಯ ಮೇಲೆ ಹಾಕಿಕೊಳ್ಳುವವರಿದ್ದರೆ ತಾನೇ? ಹಿತ್ತಲಿನ ಹಸಿರು ಬಲೆಯ ನೆರಳಲ್ಲಿ ನಾನು ಅವಕ್ಕೆ ಕ್ಯಾನ್ ನೀರು ಹಾಕುವುದನ್ನು ಕಂಡರೆ ನಮ್ಮತ್ತೆ ಮುನಿಗಂಗಮ್ಮನಿಗೆ ನಗುವೋ ನಗು.

"ಮನ್ಸರಿಗೆ ಬೋರ್ ನೀರು, ಗಿಡುಕ್ಕೆ ಪಿಲ್ಟರ್ ನೀರಾ? ಇಂತಾ ಸೊಸೆ ಇನ್ಯಾರಿಗ್ ಸಿಕ್ಕಾಳು ಬಿಡಪ್ಪಾ!"

ನಮ್ಮ ಬೋರ್ ನೀರು ಕಾಸಿದ ಪಾತ್ರೆಯ ತಳ ನೋಡಿದ್ದೀರಾ? ಬೆಳ್ಳಗೆ ಸುಣ್ಣ ಗಾರೆಯಂತೆ ಹಿಡಿದಿರುತ್ತದೆ. ಆ ಕುಂಡಗಳಲ್ಲಿದ್ದ ಹೀದರ್ ಎಂಬ ಸೀಮೆ ಹೂಗಿಡಕ್ಕೆ ಅದು ವಿಷ. ಅದಕ್ಕೆ ಹುಳಿ ಮಣ್ಣು ಬೇಕು, ಸಾರವಿಲ್ಲದ ಬಡ ಮಣ್ಣು ಬೇಕು. ಗೊಬ್ಬರ ಬೇಡ, ಸುಣ್ಣವಂತೂ ಬೇಡವೇ ಬೇಡ. ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಮನೆಯಲ್ಲಿ, ಸೆಗಣಿ ಬೇಡವೆನ್ನುವ ಗಿಡವೂ ಇದೆಯೆಂದರೆ ನಂಬುವವರು ಯಾರು!

ಈ ಹೀದರ್ ಹುಚ್ಚು ಆಶಾರಾಣಿ ಮೇಡಂದು. ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ಕಾಲದ ಬಂಗಲೆಯೊಂದನ್ನು ಕೊಂಡು ಅತಿಥಿಗೃಹ ಮಾಡುತ್ತಿದ್ದಾರೆ. ಆ ಗಣಿಯ ಬಿಳಿ ದೊರೆಗಳ ಊರಿನ ಹೂವೇ ಅಂಗಳದ ತುಂಬ ಬೇಕು ಅವರಿಗೆ. ಮೊದಲು ಯಾರೋ ತಂದುಕೊಟ್ಟದ್ದು ಮೆಕ್ಸಿಕೋ ಕಡೆಯ ಗಿಡ. ಹೆಸರು ಮಾತ್ರ ಹೀದರ್, ಅಸಲಿ ಹೀದರ್‌ಗೂ ಅದಕ್ಕೂ ನೆಂಟಸ್ತನವೇ ಇಲ್ಲ. ಅಲ್ಲಿ ಕೂಲಿಗೆ ಹೋಗುತ್ತಿದ್ದ ನಾನು ಫೋನಿನಲ್ಲಿ ಹುಡುಕಿ ನೋಡಿ ಹಾಗೆಂದು ಹೇಳಿದ್ದಕ್ಕೆ, ಊಟಿಯಿಂದ ಮೂರು ಅಸಲಿ ಗಿಡ ತರಿಸಿ ನನ್ನ ಕೈಗೇ ಕೊಟ್ಟರು. ಒಂದು ಸ್ಕಾಟ್ಲೆಂಡಿನ ಗುಡ್ಡದ್ದು. ಇನ್ನೊಂದು ಆಫ್ರಿಕಾದ ದಕ್ಷಿಣ ತುದಿಯದು. ಮೂರನೆಯದು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯದು. ಇಲ್ಲಿನ ಚಿನ್ನ ತೆಗೆಯಲು ಬಂದ ಬಿಳಿಯರಲ್ಲಿ ಬಹಳ ಮಂದಿ ಆ ಸೀಮೆಯವರೇ.

"ಯುಗಾದಿ ತನಕ ಬದುಕಿಸು ರಾಧಾ. ಒಂದು ಉಳಿದರೂ ಸಾಕು, ತೋಟ ಪೂರ್ತಿ ನಿನ್ನ ಕೈಗೆ. ಇಲ್ಲವಾದರೆ ಬೆಂಗಳೂರಿನವರಿಗೆ ವಹಿಸ್ತೀನಿ" ಎಂದಿದ್ದರು.

ತೋಟ ನನ್ನ ಕೈಗೆ! ಮದುವೆಯಾಗಿ ಬಂದಂದಿನಿಂದ ಹುಲ್ಲು, ಹಾಲು, ಸೆಗಣಿ. ನಾನು ಹೇಳಿದ ಕಡೆ ಗುಂಡಿ ತೋಡುವ, ನಾನು ಹೇಳಿದ ಗಿಡ ನೆಡುವ ಒಂದು ಜಾಗ ನನಗೆ ಬೇಕಿತ್ತು. ಬೇಕೇ ಬೇಕಿತ್ತು.

ಯುಗಾದಿ ಹತ್ತಿರ ಬಂದಾಗ ಅಮ್ಮನಿಗೆ ಹುಷಾರಿಲ್ಲವೆಂದು ಫೋನು ಬಂತು. ತವರೂರು ಕಾಮಸಮುದ್ರಕ್ಕೆ ಹೋಗಿ ವಾರ ಇದ್ದು, ಹಬ್ಬದ ಹಿಂದಿನ ದಿನ ಬಸ್ಸಿಳಿದು ಬಂದೆ. ಮನೆಗೆ ಸುಣ್ಣ ಬಳಿದಾಗಿತ್ತು. ಬ್ಯಾಗು ಜಗಲಿಗೆ ಎಸೆದು ನೇರ ಹಿತ್ತಲಿಗೆ ಓಡಿದೆ.

ಅಯ್ಯೋ ಶಿವನೇ! ಕುಂಡಗಳಿಗೂ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ. ಹೊರಗಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಒಳಗಿನ ಮಣ್ಣೂ ಬೆಳ್ಳಗೆ ಗಟ್ಟಿಯಾಗಿತ್ತು. ಮೂರು ಗಿಡವೂ ಕಂದು ಬಣ್ಣಕ್ಕೆ ತಿರುಗಿ ಪೊರಕೆಯಂತೆ ನಿಂತಿದ್ದವು.

"ಅತ್ತೇ!" ಎಂದು ಕಿರುಚಿದೆ.

ಅತ್ತೆ ಸೆರಗಿಗೆ ಕೈ ಒರೆಸುತ್ತಾ ಬಂದರು. "ಗೆದ್ಲು ಅತ್ತಿತ್ತು ಕಣಮ್ಮ. ಮನೆಗ್ ಬಳ್ದು ಮಿಕ್ಕಿದ್ ಸುಣ್ಣದ ನೀರು ಉಯ್ದೆ. ತೆಂಗಿನ್ ಸಸಿಗೂ ಅಂಗೇ ಮಾಡಾದು. ನೀನು ಆಸೆಪಟ್ಟು ಸಾಕ್ದೋಳು, ಗೆದ್ಲು ತಿಂದ್ಬಿಟ್ರೆ ಅಂತ..."

ನನ್ನ ಮೈಯೆಲ್ಲ ಉರಿಯಿತು. "ಮುಟ್ಬೇಡಿ ಅಂದಿದ್ದೆ ಅಲ್ವಾ? ಬಿಡಿಸಿ ಬಿಡಿಸಿ ಹೇಳಿದ್ದೆ ಅಲ್ವಾ? ನನ್ನದು ಅಂತ ಒಂದೇ ಒಂದು ಇತ್ತು, ಅದನ್ನೂ ಸಾಯಿಸಿಬಿಟ್ರಿ!"

ಮೊದಲನೆಯ ಕುಂಡವನ್ನೆತ್ತಿ ಬಟ್ಟೆ ಒಗೆಯುವ ಕಲ್ಲಿಗೆ ಬಡಿದೆ. ಎರಡನೆಯದನ್ನೂ ಬಡಿದೆ. ಮೂರನೆಯದು ಬಿದ್ದ ರಭಸಕ್ಕೆ ಗಿಡ ಬುಡದಲ್ಲೇ ಮುರಿದು ಬೇರು ಒಂದು ಕಡೆ, ಕಾಂಡ ಒಂದು ಕಡೆ ಬಿತ್ತು. ಕೊಟ್ಟಿಗೆಯಲ್ಲಿ ಹಸು ಬೆದರಿ ಕೂಗಿತು. ಅತ್ತೆ ಕೂತು ಕುಂಡದ ಚೂರುಗಳನ್ನು ಆರಿಸತೊಡಗಿದರು.

ಮುರಿದ ಕಾಂಡವೊಂದನ್ನು ಎತ್ತಿ ಹಿಡಿದು ಮೆಲ್ಲಗೆ ಕರೆದರು. "ರಾದಾ, ಇದ್ರೊಳ್ಗೆ ಇನ್ನೂ ಅಸ್ರೈತಲ್ಲಮ್ಮ."

ಕಸಿದುಕೊಂಡು ನೋಡಿದೆ. ಕಾರ್ನ್‌ವಾಲಿನದು. ಮುರಿದ ಕಡೆ ಎಳೆ ಹಸಿರು, ಇನ್ನೂ ಪಸೆಯಿತ್ತು. ಹೀದರ್‌ಗಳಲ್ಲಿ ಸುಣ್ಣವನ್ನು ಒಂದಿಷ್ಟು ತಡೆದುಕೊಳ್ಳುವ ಜಾತಿಗಳಲ್ಲಿ ಅದೂ ಒಂದು. ತುದಿ ಸುಟ್ಟಿದ್ದರೂ ಬುಡ ಬದುಕಿತ್ತು. ಕಲ್ಲಿಗೆ ಬಡಿಯುವ ಮೊದಲು ಉಗುರಿನಿಂದ ಒಮ್ಮೆ ತೊಗಟೆ ಕೆರೆದು ನೋಡಿದ್ದರೆ ಸಾಕಿತ್ತು. ಈಗ ಆ ಕಡ್ಡಿಯನ್ನು ನೆಟ್ಟರೂ ಬೇರು ಬಿಡುವುದಕ್ಕೆ ತಿಂಗಳುಗಟ್ಟಲೆ ಬೇಕು, ಬಿಟ್ಟರೆ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆಶಾರಾಣಿ ಮೇಡಂ. ಸ್ಪೀಕರ್ ಒತ್ತಿದೆ.

"ನಾಳೆ ಬರ್ತಿದೀನಿ ರಾಧಾ. ಒಂದಾದರೂ ಉಳಿದಿದೆಯಾ?"

ಕೈಯಲ್ಲಿದ್ದ ಕಡ್ಡಿಯನ್ನೇ ನೋಡಿದೆ. ಅತ್ತೆ ಎದ್ದು ಬಂದು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಅಮ್ಮಾ, ನಾನು ಅವಳತ್ತೆ ಮಾತಾಡ್ತಿರಾದು. ಉಡ್ಗೀದೇನೂ ತಪ್ಪಿಲ್ಲ. ಅವ್ಳು ಮನೇಲೇ ಇರ್ನಿಲ್ಲ. ಸುಣ್ಣದ ನೀರು ಉಯ್ದು ಮೂರ್ನೂ ನಾನೇ ಸಾಯಿಸ್ಬಿಟ್ಟೆ."

ಮೂರಲ್ಲ ಎರಡು, ಮೂರನೆಯದನ್ನು ಮುರಿದದ್ದು ನಾನೇ ಎಂದು ನಾನು ಹೇಳಬೇಕಿತ್ತು. ಹಸಿರು ಕಡ್ಡಿ ನನ್ನ ಕೈಯಲ್ಲೇ ಇತ್ತು, ಅತ್ತೆ ನನ್ನನ್ನೇ ನೋಡುತ್ತಿದ್ದರು. ಹೇಳಲು ನನಗೆ ಬಾಯಿ ಬರಲಿಲ್ಲ.