ಬಾಗಿಲ ಸಂದಿನ ಹಳದಿ ಚೀಟಿ

"ಹತ್ತನೇ ಕ್ಲಾಸೂ ಮುಗಿಸದೆ ಓಡಿಬಂದೋನು ನೀನು. ಗಿರಾಕಿಗೇ ಲೆಕ್ಕದ ಪಾಠ ಮಾಡ್ತೀಯೇನೋ?"

ಗಾರ್ಲಂಡ್ ಹೀಗಂದದ್ದು ಅಂಗಳದ ನಟ್ಟನಡುವೆ, ಗಿರಾಕಿಯ ಇಡೀ ಸಂಸಾರದೆದುರು. ಮನೆಯಂಥ ಟ್ರೇಲರುಗಳನ್ನು ಮಾರೋನು ಅವನು. ಮಾರಿದ್ದನ್ನು ಪಿಕಪ್ಪಿನ ಹಿಂದೆ ಕೊಂಡಿ ಹಾಕಿ ಕಳಿಸೋನು ನಾನು. ಪ್ವೆಬ್ಲೋ ಊರಿನ ಆಗಸ್ಟ್ ಬಿಸಿಲು. ಅವತ್ತಿಗೆ ಅದು ಆರನೇ ಗಾಡಿ. ಬಗ್ಗಿದರೆ ಮತ್ತೆ ಏಳೋದೇ ಬೇಡ ಅನ್ನಿಸುತ್ತಿತ್ತು.

ನಾನು ಹೇಳಿದ್ದಿಷ್ಟೇ: "ಸರ್, ನಿಮ್ಮ ಗಾಡಿಗೆ ಭಾರ ಜಾಸ್ತಿ ಆಗತ್ತೆ."

ಗಿರಾಕಿ ಹಾಲಿಸ್ ಟ್ಯಾಕೆಟ್, ಅರವತ್ತು ದಾಟಿದವನು, ಕೈಯಲ್ಲಿದ್ದ ಪಿಕಪ್ಪಿನ ಬಣ್ಣದ ಪುಸ್ತಿಕೆ ತಟ್ಟಿ ನಕ್ಕ. "ಒಂಬತ್ತು ಸಾವಿರದ ಎಂಟುನೂರು ಪೌಂಡ್ ಎಳೆಯತ್ತೆ ಅಂತ ಬರ್ದಿದಾರಪ್ಪಾ. ಈ ಟ್ರೇಲರ್ ತುಂಬಿದ್ರೂ ಏಳು ಸಾವಿರ. ಇನ್ನೆರಡು ಹಸು ಕಟ್ಕೊಂಡು ಹೋಗ್ಬೋದು."

ಎಲ್ಲರೂ ಹೀಗೇ. ಎಳೆಯೋದನ್ನು ನೋಡ್ತಾರೆ, ಹೊರೋದನ್ನು ನೋಡಲ್ಲ. ಪಿಕಪ್ಪಿನ ಡ್ರೈವರ್ ಕಡೆಯ ಬಾಗಿಲು ತೆಗೆದು, ಸಂದಿನಲ್ಲಿ ಕಂಪನಿಯವರು ಅಂಟಿಸಿದ್ದ ಹಳದಿ ಚೀಟಿ ತೋರಿಸಿದೆ.

"ನಿಮ್ಮ ಪಿಕಪ್ ಮೈಮೇಲೆ ಹೊರೋದು ಸಾವಿರದ ನಾನೂರು ಪೌಂಡ್ ಅಷ್ಟೆ. ಟ್ರೇಲರಿನ ಮೂತಿ ಕೊಂಡಿ ಮೇಲೆ ಕೂರತ್ತಲ್ಲ, ಅದೇ ಒಂಬೈನೂರು. ಉಳಿದದ್ದು ಐನೂರು. ನೀವು, ಅಮ್ಮಾವ್ರು, ಇಬ್ಬರು ಮೊಮ್ಮಕ್ಕಳು, ಅಲ್ಲಿಗೇ ಮುಗೀತು. ಹಿಂದೆ ಜನರೇಟರ್ ಬೇರೆ, ಸೌದೆ ಬೇರೆ."

"ಹಿಂದಿನ ಚಕ್ರದ ಮೇಲೆ ಗಾಡಿ ಎತ್ತಿ ಹಿಡಿಯೋ ಏರ್ ಬ್ಯಾಗ್ ಹಾಕ್ಸಿದೀನಯ್ಯಾ. ಒಂದಿಂಚೂ ಕೂರಲ್ಲ."

"ಗಾಡಿ ನೆಟ್ಟಗೆ ನಿಂತ್ರೆ ಭಾರ ಕಮ್ಮಿ ಆಗಲ್ಲ ಸರ್."

ಪಿಕಪ್ಪಿನಲ್ಲಿ ಕೂತಿದ್ದ ಅವನ ಹೆಂಡತಿ ವರ್ನಾ ಕಿಟಕಿಯಿಂದ ತಲೆ ಹಾಕಿದಳು. "ನಾವು ಘಟ್ಟ ಹತ್ತಿ ಇಳೀಬೇಕು. ಅಲ್ಲಿ ಏನಾಗತ್ತಪ್ಪಾ?"

"ಏನೂ ಆಗಲ್ಲಮ್ಮ," ಅಂದ ಗಾರ್ಲಂಡ್.

"ಮುಂದಿನ ಚಕ್ರ ಹಗುರಾಗತ್ತೆ," ಅಂದೆ ನಾನು. " ಸ್ಟೇರಿಂಗ್ ಮಾತು ಕೇಳಲ್ಲ. ಇಳಿಜಾರಲ್ಲಿ ಟ್ರೇಲರ್ ಅತ್ತಿತ್ತ ಆಡೋಕೆ ಶುರುವಾದ್ರೆ ನಿಮ್ಮನ್ನೂ ಎಳ್ಕೊಂಡು ಹೋಗತ್ತೆ."

ಹೋದ ವರ್ಷ ಹಾಗೇ ಆಗಿತ್ತು. ಮಗುಚಿದ ಟ್ರೇಲರ್ ನಮ್ಮ ಅಂಗಳದ್ದು, ಕೊಂಡಿ ಹಾಕಿದ ಕೈ ನಂದು. ಅದನ್ನು ಎಳೆದ ಗಾಡಿಯಲ್ಲಿದ್ದ ಹೆಂಗಸು ಈಗಲೂ ಕೋಲೂರಿ ನಡೀತಾಳೆ. ಅವತ್ತೂ ಚೀಟಿ ಓದಿದ್ದೆ. ಬಾಯಿ ಬಿಟ್ಟಿರಲಿಲ್ಲ.

"ಹೆದ್ದಾರಿಲಿ ಲಾರಿ ತೂಗೋ ಜಾಗ ಇದೆ," ಅಂದೆ. "ಬರೀ ಪಿಕಪ್ಪಲ್ಲೇ ಎಲ್ಲರೂ ಕೂತು ತೂಗಿಸ್ಕೊಂಡು ಬನ್ನಿ. ಹತ್ತು ನಿಮಿಷ."

ಹಾಲಿಸ್‌ನ ಮುಖ ಕೆಂಪಾಗಿತ್ತು. "ನಲವತ್ತು ವರ್ಷದಿಂದ ಗಾಡಿ ಎಳೀತಿದೀನಿ. ಈ ಪೋರ ನನ್ನ ಹೆಂಡ್ತಿ ಎದುರಿಗೆ..."

"ಕೇಳಿಸ್ತಾ?" ಗಾರ್ಲಂಡ್ ನನ್ನ ಕಡೆ ತಿರುಗಿದ. "ಸುಮ್ನೆ ಕೊಂಡಿ ಹಾಕು. ಇಲ್ಲಾಂದ್ರೆ ಗ್ಲೌಸ್ ಬಿಚ್ಚಿಟ್ಟು ಮನೆಗೆ ಹೋಗು."

ಎಷ್ಟು ಸಲ ಹೇಳೋದು, ಯಾರ್ಯಾರಿಗೆ ಹೇಳೋದು. ಸಿಟ್ಟು ಬರೋಕೂ ತ್ರಾಣ ಬೇಕು. ಗ್ಲೌಸ್ ಬಿಚ್ಚಿ ಟ್ರೇಲರಿನ ಮೂತಿಯ ಮೇಲಿಟ್ಟೆ.

ಆಗ ಪಿಕಪ್ಪಿನ ಬಾಗಿಲು ತೆರೆದ ಸದ್ದಾಯಿತು. ವರ್ನಾ ಇಳಿದು ಹಿಂದಿನ ಬಾಗಿಲು ತೆಗೆದಳು. "ಇಳೀರಿ ಮಕ್ಳೇ, ಇಬ್ರೂ."

"ವರ್ನಾ, ಏನೇ ಇದು ನಾಟಕ?"

"ಇದನ್ನ ಕಟ್ಕೊಂಡು ಹೋಗೋದಾದ್ರೆ ನೀನೊಬ್ಬನೇ ಹೋಗು," ಅಂದಳು. ಟ್ರೇಲರಿನ ನೆರಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ತಾನೂ ಕೂತಳು. ಹಾಲಿಸ್ ತೆರೆದಿದ್ದ ಡ್ರೈವರ್ ಬಾಗಿಲಿನ ಹತ್ತಿರ ಹೋದ. ಆಮೇಲೆ ಬಗ್ಗಿ, ಕನ್ನಡಕ ಮೇಲೆತ್ತಿ, ಹಳದಿ ಚೀಟಿಯನ್ನು ಬೆರಳಿಟ್ಟು ಓದತೊಡಗಿದ.

ನಾನಾಗಲೇ ಗೇಟಿನ ಹತ್ತಿರ ಇದ್ದೆ.

"ನಾಳೆ ಯಾವನ ಹತ್ರ ಕೆಲ್ಸ ಕೇಳ್ತೀಯೋ, ಹತ್ತನೇ ಕ್ಲಾಸು?" ಗಾರ್ಲಂಡ್ ಹಿಂದಿನಿಂದ ಕೂಗಿದ.

ಸೊಂಟ ನೋಯುತ್ತಿತ್ತು. ನಡೆದೆ.